ಗರ್ಭಿಣಿಯ ಕೈಯಲ್ಲಿ ಗುಳಿಗೆ: ನುಂಗಬೇಕೆ, ಬಿಡಬೇಕೆ?

ಬೆಂಗಳೂರು: ಮಾಗಡಿ ರಸ್ತೆಯ ಹೇರೋಹಳ್ಳಿಯಲ್ಲಿ ಇಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಬೆಳಗಿನ ಪಾಳಿಗೆ ಪೀಣ್ಯದ ಕಾರ್ಖಾನೆಗೆ ಹೊರಟಿದ್ದಾನೆ. ಸೊಸೆಗೆ ಎರಡು ತಿಂಗಳು ತುಂಬಿದೆ. ಅಡುಗೆಮನೆಯ ಗೂಡಿನಲ್ಲಿರುವ ಡಬ್ಬಿಯಲ್ಲಿ ಮೂರು ಬಗೆಯ ಮಾತ್ರೆಗಳಿವೆ. ಒಂದು, ಮನೆಗೆ ಬಂದ ಆಶಾ ಕಾರ್ಯಕರ್ತೆ ಕೊಟ್ಟ ಪೋಲಿಕ್ ಆಮ್ಲದ ಮಾತ್ರೆ. ಇನ್ನೊಂದು ಥೈರಾಯ್ಡ್‌ಗೆ. ಮತ್ತೊಂದು, ಶಾಲೆಗೆ ಹೋಗುವ ವಯಸ್ಸಿನಿಂದಲೂ ಆಕೆ ನುಂಗುತ್ತಾ ಬಂದಿರುವ ಮೂರ್ಛೆರೋಗದ ಮಾತ್ರೆ.

‘ಬಸುರಿ ಹೆಂಗಸು ಇಷ್ಟೊಂದು ಗುಳಿಗೆ ನುಂಗಬಾರದಮ್ಮ, ಮಗುವಿಗೆ ಉಷ್ಣವಾಗುತ್ತದೆ’ ಎನ್ನುತ್ತಾರೆ ಅತ್ತೆ. ಒಂದೂ ಮಾತ್ರೆ ಮುಟ್ಟದೆ ಇಬ್ಬರನ್ನು ಹೆತ್ತೆನೆಂದು ಪಕ್ಕದ ಮನೆಯಾಕೆ ಧೈರ್ಯ ಹೇಳುತ್ತಾರೆ. ಮೊಬೈಲ್‌ನಲ್ಲಿ ಮಾತ್ರೆಯ ಹೆಸರು ಬರೆದು ಹುಡುಕಿದರೆ ಮೊದಲು ಕಾಣುವುದೇ ‘ಭ್ರೂಣಕ್ಕೆ ಅಪಾಯ’ ಎಂಬ ಸಾಲು. ಅಂದಿನ ರಾತ್ರಿ ಒಂದು ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಮುಂದಿನ ತಿಂಗಳು ವೈದ್ಯೆ ಕೇಳಿದಾಗ, ‘ತೆಗೆದುಕೊಳ್ಳುತ್ತಿದ್ದೇನೆ ಮೇಡಂ’ ಎಂಬ ಉತ್ತರ ಬರುತ್ತದೆ.

ಇದು ಒಂದು ಮನೆಯ ಅಥವಾ ಒಂದು ಬಡಾವಣೆಯ ಕತೆಯಲ್ಲ. ಓದು ಬರಹ ಬಲ್ಲ ಕುಟುಂಬಗಳಲ್ಲೂ ಇದು ನಡೆಯುತ್ತದೆ. ಗರ್ಭಿಣಿ ಔಷಧ ಸೇವಿಸಬೇಕೆ, ಬೇಡವೆ ಎಂಬುದು ಕಷ್ಟದ ಪ್ರಶ್ನೆ. ವೈದ್ಯಶಾಸ್ತ್ರದ ಬಳಿಯೂ ಅದಕ್ಕೆ ಒಂದೇ ಸಾಲಿನ ಉತ್ತರವಿಲ್ಲ. ಆದರೆ ಒಂದು ಮಾತನ್ನು ಖಚಿತವಾಗಿ ಹೇಳಬಹುದು: ಸೇವಿಸುವುದು, ಬದಲಿಸುವುದು, ನಿಲ್ಲಿಸುವುದು ಎಂಬ ಮೂರು ದಾರಿಗಳಿಗಿಂತಲೂ ಅಪಾಯಕಾರಿಯಾದುದು ನಾಲ್ಕನೆಯ ದಾರಿ. ಅದು ಯಾರಿಗೂ ಹೇಳದೆ ಬಿಡುವುದು.

ಭಯಕ್ಕೆ ಕಾರಣವಿದೆ

ಗರ್ಭಿಣಿಯರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. 1957ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಬಸುರಿಯರ ವಾಂತಿ, ವಾಕರಿಕೆಗೂ ಕೊಡಲಾಯಿತು. ಕೆಲವೇ ವರ್ಷಗಳಲ್ಲಿ ಕೈಕಾಲು ಬೆಳೆಯದ ಶಿಶುಗಳು ಜನಿಸತೊಡಗಿದವು. 1961ರ ನವೆಂಬರ್‌ನಲ್ಲಿ ಔಷಧವನ್ನು ಹಿಂತೆಗೆದುಕೊಳ್ಳುವ ವೇಳೆಗೆ ಹಲವು ದೇಶಗಳಲ್ಲಿ ಒಟ್ಟು 10,000ಕ್ಕೂ ಹೆಚ್ಚು ಮಕ್ಕಳು ಬಾಧಿತರಾಗಿದ್ದರೆಂದು ಅಂದಾಜಿಸಲಾಗಿದೆ. ಸುರಕ್ಷತೆಯ ಪುರಾವೆ ಸಾಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅಧಿಕಾರಿ ಫ್ರಾನ್ಸಿಸ್ ಕೆಲ್ಸಿ ಪರವಾನಗಿ ತಡೆಹಿಡಿದ ಕಾರಣ ಆ ದೇಶ ಬಹುಮಟ್ಟಿಗೆ ಪಾರಾಯಿತು.

ಆ ದುರಂತದ ನಂತರ ಔಷಧ ಕಾನೂನುಗಳು ಬಿಗಿಯಾದವು. ಆದರೆ ಅದರ ಜೊತೆಗೆ ಇನ್ನೊಂದು ಪರಿಣಾಮವೂ ಉಂಟಾಯಿತು. ಹೊಸ ಔಷಧಗಳ ಪರೀಕ್ಷೆಯಿಂದ ಗರ್ಭಿಣಿಯರನ್ನು ಹೊರಗಿಡುವುದು ರೂಢಿಯಾಯಿತು. ಹೀಗಾಗಿಯೇ ಎಷ್ಟೋ ಔಷಧಗಳ ಚೀಟಿಯಲ್ಲಿ ‘ಗರ್ಭಿಣಿಯರಲ್ಲಿ ಸುರಕ್ಷತೆ ಸಾಬೀತಾಗಿಲ್ಲ’ ಎಂದು ಬರೆದಿರುತ್ತದೆ. ಸಾಬೀತಾಗಿಲ್ಲ ಎಂದರೆ ಹಾನಿಕರ ಎಂದಲ್ಲ. ಓದುವವರಿಗೆ ಮಾತ್ರ ಅದು ಹಾಗೆಯೇ ಕೇಳಿಸುತ್ತದೆ.

ಯಾವ ವಾರ ಎಂಬುದೇ ಮುಖ್ಯ

ತಾಯಿ ನುಂಗಿದ ಔಷಧ ಆಕೆಯ ರಕ್ತ ಸೇರಿ, ಮಾಸಿನ ಮೂಲಕ ಮಗುವನ್ನು ತಲುಪುತ್ತದೆ. ಮಾಸು ಗೋಡೆಯಲ್ಲ, ಜರಡಿಯಂತೆ ಕೆಲಸ ಮಾಡುವ ಅಂಗ. ಸಣ್ಣ ಅಣುಗಳುಳ್ಳ ಬಹುತೇಕ ಔಷಧಗಳು ಅದನ್ನು ದಾಟುತ್ತವೆ. ಇನ್ಸುಲಿನ್, ಹೆಪಾರಿನ್‌ನಂಥ ದೊಡ್ಡ ಅಣುಗಳು ದಾಟುವುದಿಲ್ಲವೆಂದೇ ಹೇಳಬೇಕು. ಸಕ್ಕರೆ ಕಾಯಿಲೆಯಿರುವ ಗರ್ಭಿಣಿಗೆ ಇನ್ಸುಲಿನ್ ಚುಚ್ಚುಮದ್ದು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುತ್ತಿದ್ದವರಲ್ಲಿ ಅನೇಕರಿಗೆ ಹೆಪಾರಿನ್ ನೀಡುವುದಕ್ಕೆ ಇದೂ ಒಂದು ಕಾರಣ.

ಔಷಧದ ಹೆಸರಿನಷ್ಟೇ ಅದನ್ನು ಸೇವಿಸುವ ಕಾಲವೂ ಮುಖ್ಯ. ಗರ್ಭ ಕಟ್ಟಿದ ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಮಗುವಿನ ಹೃದಯ, ಮಿದುಳು, ಕೈಕಾಲುಗಳು ರೂಪುಗೊಳ್ಳುತ್ತವೆ. ಅಂಗರಚನೆಯ ದೋಷಗಳು ಹೆಚ್ಚಾಗಿ ಉಂಟಾಗುವುದು ಈ ಅವಧಿಯಲ್ಲೇ. ಬೆನ್ನುಹುರಿ ಹಾಗೂ ಮಿದುಳಿನ ಮೂಲವಾದ ನರಕೊಳವೆ ಸುಮಾರು 28ನೇ ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತು ಎರಡು ವಾರವಾಯಿತೆಂದು ಹೆಣ್ಣುಮಗಳು ಲೆಕ್ಕ ಹಾಕುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ನರಕೊಳವೆಯ ದೋಷ ತಡೆಯುವ ಪೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ಧರಿಸುವ ಮೊದಲೇ ಆರಂಭಿಸಬೇಕೆನ್ನುವುದು ಈ ಕಾರಣದಿಂದ.

ಇನ್ನು ಕೆಲವು ಔಷಧಗಳು ತೊಂದರೆ ಕೊಡುವುದು ನಂತರದ ತಿಂಗಳುಗಳಲ್ಲಿ. ರಕ್ತದೊತ್ತಡಕ್ಕೆ ಬಳಸುವ ಎನಲಾಪ್ರಿಲ್, ರಾಮಿಪ್ರಿಲ್ ಬಗೆಯ ಮಾತ್ರೆಗಳು ಎರಡು ಹಾಗೂ ಮೂರನೆಯ ತ್ರೈಮಾಸಿಕದಲ್ಲಿ ಮಗುವಿನ ಮೂತ್ರಪಿಂಡವನ್ನು ಘಾಸಿಗೊಳಿಸಬಲ್ಲವು. ಅವುಗಳ ಬದಲಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಲಭ್ಯವಿವೆ. ಇಲ್ಲಿ ಕೆಡುಕಾಗುವುದು ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆದುದರಿಂದಲ್ಲ, ಆ ನಿರ್ದಿಷ್ಟ ಮಾತ್ರೆಯಿಂದ. ಆದ್ದರಿಂದ ಪರಿಹಾರ ಮಾತ್ರೆ ಬಿಡುವುದಲ್ಲ, ಬದಲಿಸುವುದು.

ತಕ್ಕಡಿಯ ಇನ್ನೊಂದು ತಟ್ಟೆ

ಯಾವ ಔಷಧವನ್ನೂ ಮುಟ್ಟದ ಆರೋಗ್ಯವಂತ ತಾಯಂದಿರಿಗೆ ಜನಿಸುವ ಮಕ್ಕಳಲ್ಲಿಯೂ ನೂರಕ್ಕೆ ಸುಮಾರು ಮೂರರಲ್ಲಿ ಒಂದಲ್ಲ ಒಂದು ಹುಟ್ಟುದೋಷ ಇರುತ್ತದೆ. ಔಷಧವೊಂದರ ಅಪಾಯವನ್ನು ಸೊನ್ನೆಯೊಂದಿಗೆ ಹೋಲಿಸುವಂತಿಲ್ಲ. ಆ ಮೂರರೊಂದಿಗೆ ಹೋಲಿಸಬೇಕು. ಜೊತೆಗೆ, ಚಿಕಿತ್ಸೆಯಿಲ್ಲದ ಕಾಯಿಲೆ ಮಾಡುವ ಹಾನಿಯನ್ನೂ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಬೇಕು. ಮನೆಯ ಚರ್ಚೆಗಳಲ್ಲಿ ಬಿಟ್ಟುಹೋಗುವುದು ಈ ತಟ್ಟೆಯೇ.

ಥೈರಾಯ್ಡ್ ಉದಾಹರಣೆ ನೋಡಬಹುದು. ಮೊದಲ ಮೂರು ತಿಂಗಳಲ್ಲಿ ಮಗುವಿನ ಮಿದುಳಿನ ಬೆಳವಣಿಗೆಗೆ ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಬರಬೇಕು. ಮಗುವಿನ ಸ್ವಂತ ಗ್ರಂಥಿ ಕೆಲಸ ಆರಂಭಿಸುವುದು ಆ ಬಳಿಕ. ಲೀವೊಥೈರಾಕ್ಸಿನ್ ಮಾತ್ರೆಯಲ್ಲಿ ಇರುವುದು ದೇಹವೇ ತಯಾರಿಸುವ ಹಾರ್ಮೋನು. ಗರ್ಭಿಣಿಯಾದೊಡನೆ ಬಹಳ ಮಂದಿಗೆ ಅದರ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ‘ಮಗುವಿಗಾಗಿ’ ಮಾತ್ರೆ ಬಿಟ್ಟರೆ ಮಗುವಿಗೆ ಬೇಕಾದುದನ್ನೇ ತಡೆದಂತಾಗುತ್ತದೆ.

ಉಬ್ಬಸವಿರುವ ಗರ್ಭಿಣಿ ಇನ್‌ಹೇಲರ್ ಬಿಟ್ಟು ಏದುಸಿರು ಬಿಡುವಾಗ ಮಗುವಿಗೂ ಆಮ್ಲಜನಕ ಕಡಿಮೆಯಾಗುತ್ತದೆ. ಮೂತ್ರದ ಸೋಂಕಿಗೆ ಕೊಟ್ಟ ಆಂಟಿಬಯೋಟಿಕ್ ಅರ್ಧಕ್ಕೆ ನಿಲ್ಲಿಸಿದರೆ ಸೋಂಕು ಮೂತ್ರಪಿಂಡಕ್ಕೇರಿ ಅವಧಿಪೂರ್ವ ಹೆರಿಗೆಗೆ ಕಾರಣವಾಗಬಹುದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮೊದಲ ವಾರಗಳಲ್ಲಿ ಮಗುವಿನ ಹೃದಯದ ರಚನೆಯನ್ನೇ ಕೆಡಿಸಬಲ್ಲದು.

ಗುಟ್ಟಿನ ಮಾತ್ರೆ

ಈ ತಕ್ಕಡಿ ಅತ್ಯಂತ ಸೂಕ್ಷ್ಮವಾಗುವುದು ಮೂರ್ಛೆರೋಗದಲ್ಲಿ. ಎರಡೂ ತಟ್ಟೆಗಳು ಇಲ್ಲಿ ಭಾರವಾಗಿವೆ. ವ್ಯಾಲ್‌ಪ್ರೊಯೇಟ್ ಎಂಬ ಔಷಧವನ್ನು ಗರ್ಭಿಣಿಯರು ಸೇವಿಸಿದಾಗ ನೂರು ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಗಂಭೀರ ಹುಟ್ಟುದೋಷ ಕಂಡುಬಂದಿದೆ. ಮೂವತ್ತರಿಂದ ನಲವತ್ತು ಮಕ್ಕಳಲ್ಲಿ ಮಾತು, ಕಲಿಕೆ ಮುಂತಾದ ಬೆಳವಣಿಗೆಯ ತೊಂದರೆಗಳು ವರದಿಯಾಗಿವೆ. ಗರ್ಭ ಧರಿಸಬಹುದಾದ ವಯಸ್ಸಿನ ಹೆಣ್ಣುಮಕ್ಕಳಿಗೆ, ಬೇರೆ ಔಷಧ ಫಲಿಸುವಂತಿದ್ದರೆ, ಅದನ್ನು ಕೊಡಬಾರದೆಂಬುದು ಇಂದಿನ ನಿಲುವು. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್‌ನಂಥ ಔಷಧಗಳಲ್ಲಿ ಈ ಅಪಾಯ ಬಹಳ ಕಡಿಮೆ.

ಹಾಗೆಂದು ವ್ಯಾಲ್‌ಪ್ರೊಯೇಟ್ ಸೇವಿಸುತ್ತಿರುವಾಕೆ ಇದ್ದಕ್ಕಿದ್ದಂತೆ ಅದನ್ನು ನಿಲ್ಲಿಸಿದರೆ ಒಂದರ ಹಿಂದೊಂದು ಸೆಳವು ಬರಬಹುದು. ದೊಡ್ಡ ಸೆಳವಿನಲ್ಲಿ ತಾಯಿ ಬಿದ್ದು ಪೆಟ್ಟಾಗಬಹುದು, ತಾಯಿ ಮಗು ಇಬ್ಬರಿಗೂ ಆಮ್ಲಜನಕ ಕುಗ್ಗಬಹುದು, ತಾಯಿಯ ಪ್ರಾಣಕ್ಕೇ ಸಂಚಕಾರ ಬರಬಹುದು. ನರರೋಗ ತಜ್ಞರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಬದಲಿಸುವ ಕೆಲಸ ಇದು. ಮದುವೆ ನಿಶ್ಚಯವಾದಾಗಲೇ ಅಥವಾ ಮಗು ಬೇಕೆಂದು ಯೋಚಿಸಿದಾಗಲೇ ಇದನ್ನು ಮಾಡಿಕೊಳ್ಳುವುದು ಉತ್ತಮ.

ಆದರೆ ನಮ್ಮ ಸಮಾಜದಲ್ಲಿ ಮದುವೆಯ ಹೊತ್ತಿಗೇ ಈ ಮಾತ್ರೆ ಗುಟ್ಟಾಗುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವು ಮದುವೆಗೆ ಅಡ್ಡಿಯೆಂಬ ಉಲ್ಲೇಖವಿತ್ತು. 1999ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕಾನೂನು ಬದಲಾಯಿತಾದರೂ ಮನೆಗಳಲ್ಲಿ ಹೆದರಿಕೆ ಹೋಗಿಲ್ಲ. ಗಂಡನ ಮನೆಯಲ್ಲಿ ಯಾರಿಗೂ ಕಾಣದಂತೆ ಮಾತ್ರೆ ನುಂಗುವ ಹೆಣ್ಣುಮಗಳು ಗರ್ಭಿಣಿಯಾದಾಗ ತನ್ನ ಅನುಮಾನವನ್ನು ಯಾರ ಬಳಿ ಹೇಳಿಕೊಳ್ಳಬೇಕು? ಸುಲಭವಾಗಿ ತೋಚುವುದು ಮಾತ್ರೆಯನ್ನು ಬಿಟ್ಟುಬಿಡುವ ದಾರಿ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ನರರೋಗ ತಜ್ಞ ಡಾ. ಸಂಜೀವ್ ವಿ. ಥಾಮಸ್ ಅವರ ನೇತೃತ್ವದಲ್ಲಿ 1998ರಲ್ಲಿ ಮೂರ್ಛೆರೋಗವುಳ್ಳ ಗರ್ಭಿಣಿಯರ ದಾಖಲಾತಿ ಆರಂಭವಾಯಿತು. ಔಷಧ, ಸೆಳವು, ಹೆರಿಗೆ, ಮಗುವಿನ ಬೆಳವಣಿಗೆ ಎಲ್ಲವನ್ನೂ ಹಿಂಬಾಲಿಸಿ ಬರೆದಿಡುವ ಇಂಥ ದಾಖಲಾತಿಗಳಿಂದ ಹೊರಬಿದ್ದ ಮುಖ್ಯ ಸಂಗತಿ ಸಮಾಧಾನಕರವಾದುದು. ಮೂರ್ಛೆರೋಗವುಳ್ಳ ತಾಯಂದಿರಲ್ಲಿ ಬಹುಪಾಲು ಮಂದಿ ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ.

ಮನಸ್ಸಿಗೂ ಚಿಕಿತ್ಸೆ

ಮನೋರೋಗದ ಮಾತ್ರೆಗಳ ವಿಷಯದಲ್ಲಿ ಗುಟ್ಟು ಇನ್ನೂ ಹೆಚ್ಚು. ಅಮೆರಿಕದಲ್ಲಿ ಖಿನ್ನತೆಯ ಇತಿಹಾಸವಿದ್ದ 201 ಗರ್ಭಿಣಿಯರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರೆ ನಿಲ್ಲಿಸಿದವರ ಪೈಕಿ ಶೇ 68ರಷ್ಟು ಮಂದಿಗೆ ಗರ್ಭಾವಸ್ಥೆಯಲ್ಲೇ ಖಿನ್ನತೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಈ ಪ್ರಮಾಣ ಶೇ 26. ಖಿನ್ನತೆಗೆ ಸಿಕ್ಕಿದ ಗರ್ಭಿಣಿ ಸರಿಯಾಗಿ ಉಣ್ಣುವುದಿಲ್ಲ, ನಿದ್ರಿಸುವುದಿಲ್ಲ, ತಪಾಸಣೆಗೂ ಬರುವುದಿಲ್ಲ. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಮೂಡುತ್ತದೆ. ಇನ್ನೊಂದೆಡೆ, ಖಿನ್ನತೆಯ ಮಾತ್ರೆಗಳನ್ನು ಹೆರಿಗೆಯವರೆಗೂ ಸೇವಿಸಿದ ತಾಯಂದಿರ ಕೆಲವು ಶಿಶುಗಳಲ್ಲಿ ಮೊದಲ ಕೆಲವು ದಿನ ಚಡಪಡಿಕೆ, ಉಸಿರಾಟದ ಸಣ್ಣಪುಟ್ಟ ತೊಂದರೆ ಕಾಣಿಸುವುದುಂಟು. ರೋಗ ಸೌಮ್ಯವಾಗಿದ್ದರೆ ಮಾತ್ರೆಯಿಲ್ಲದೆ ಆಪ್ತಸಮಾಲೋಚನೆಯಿಂದಲೇ ನಿಭಾಯಿಸಬಹುದು. ತೀವ್ರವಾಗಿದ್ದರೆ ಮಾತ್ರೆ ಅನಿವಾರ್ಯ. ಯಾರಿಗೆ ಯಾವುದು ಎಂಬುದು ಹಿಂದಿನ ಕಾಯಿಲೆಯ ಇತಿಹಾಸದ ಮೇಲೆ ನಿಂತಿದೆ.

ಈ ತೂಕ ನೋಡುವುದರಲ್ಲಿ ಪರಿಣತರಾದವರು ಬೆಂಗಳೂರಿನಲ್ಲೇ ಇದ್ದಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ ಮಗು ಘಟಕ ಆರಂಭವಾಯಿತು. ಹೆರಿಗೆಯ ಬಳಿಕ ಮನೋರೋಗಕ್ಕೆ ತುತ್ತಾದ ತಾಯಿಯನ್ನು ಮಗುವಿನಿಂದ ಅಗಲಿಸದೆ ಅಲ್ಲಿ ಚಿಕಿತ್ಸೆ ನೀಡಲಾಗುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ, ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ‘ಹೇಳಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ’ ಎಂದು ಹೆದರಿ ಸುಮ್ಮನಿರುವ ತಾಯಂದಿರು ಇದನ್ನು ತಿಳಿದಿರಬೇಕು.

ಬೆಂಗಳೂರಿನ ಬಸುರಿಯರು ಕೊಟ್ಟ ಉತ್ತರ

ಗರ್ಭಿಣಿಯರ ಮೇಲೆ ಪರೀಕ್ಷೆಗಳೇ ನಡೆಯುವುದಿಲ್ಲವೆಂಬ ದೂರಿಗೆ ಕರ್ನಾಟಕದಲ್ಲೇ ಎರಡು ಅಪವಾದಗಳಿವೆ. ಗರ್ಭಾವಸ್ಥೆಯ ನಂಜನ್ನು ತಡೆಯಲು ದಿನಕ್ಕೆ 1,500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆ, 500 ಮಿಲಿಗ್ರಾಂ ಸಾಕೆ ಎಂದು ತಿಳಿಯಲು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ನಗರದ 11,000 ಚೊಚ್ಚಲ ಗರ್ಭಿಣಿಯರ ನೆರವು ಪಡೆಯಿತು. 2024ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಡಿಮೆ ಪ್ರಮಾಣ ಪಡೆದವರಲ್ಲಿ ಶೇ 3.0, ಹೆಚ್ಚು ಪಡೆದವರಲ್ಲಿ ಶೇ 3.6 ಮಂದಿಗೆ ನಂಜು ಕಾಣಿಸಿತು. ಅಂದರೆ ಕಡಿಮೆ ಪ್ರಮಾಣವೇ ಸಾಕು. ಟಾಂಜಾನಿಯಾದಲ್ಲಿಯೂ ಅಷ್ಟೇ ಸಂಖ್ಯೆಯ ಮಹಿಳೆಯರ ಮೇಲೆ ಇಂಥದೇ ಪರೀಕ್ಷೆ ನಡೆಯಿತು.

ಮತ್ತೊಂದು ಪರೀಕ್ಷೆ ಬೆಳಗಾವಿಯದು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಭಾಗಿಯಾಗಿದ್ದ ಆರು ದೇಶಗಳ ಪರೀಕ್ಷೆಯಲ್ಲಿ 11,976 ಚೊಚ್ಚಲ ಗರ್ಭಿಣಿಯರು ದಿನವೂ 81 ಮಿಲಿಗ್ರಾಂ ಆಸ್ಪಿರಿನ್ ಅಥವಾ ಔಷಧವಿಲ್ಲದ ಹುಸಿ ಮಾತ್ರೆ ಸೇವಿಸಿದರು. 2020ರ ಜನವರಿಯಲ್ಲಿ ಫಲಿತಾಂಶ ಹೊರಬಂತು. ಅವಧಿಪೂರ್ವ ಹೆರಿಗೆ ಹುಸಿ ಮಾತ್ರೆಯವರಲ್ಲಿ ಶೇ 13.1 ಇದ್ದರೆ ಆಸ್ಪಿರಿನ್ ಪಡೆದವರಲ್ಲಿ ಶೇ 11.6 ಇತ್ತು. ಇಂದು ಅನೇಕ ಗರ್ಭಿಣಿಯರ ಚೀಟಿಯಲ್ಲಿ ಸಣ್ಣ ಪ್ರಮಾಣದ ಆಸ್ಪಿರಿನ್ ಕಂಡರೆ ಗಾಬರಿಪಡಬೇಕಿಲ್ಲ. ಆದರೆ ತಲೆನೋವಿಗೆ ನುಂಗುವ ದೊಡ್ಡ ಪ್ರಮಾಣದ ಆಸ್ಪಿರಿನ್ ಬೇರೆ, ಇದು ಬೇರೆ.

ಕಬ್ಬಿಣಾಂಶದ ಮಾತ್ರೆಯ ಕತೆ ಇನ್ನೂ ಹಳೆಯದು. ದಕ್ಷಿಣ ಕನ್ನಡದಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞರಾದ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ 1983ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸುಲಭ ಹೆರಿಗೆಗಾಗಿ ಸಣ್ಣ ಮಗುವನ್ನು ಬಯಸುವ ಮತ್ತು ಹೊಟ್ಟೆಯಲ್ಲಿ ಅನ್ನ ಹಾಗೂ ಮಗು ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆಂದು ನಂಬುವ ಮಹಿಳೆಯರ ವಿಚಾರವನ್ನು ವಿವರಿಸಿದ್ದಾರೆ. ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಮಲ ಕಪ್ಪಾಗುವುದು ನಿಜ, ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಪೋಲಿಕ್ ಆಮ್ಲವಿರುವ ಸರ್ಕಾರಿ ಮಾತ್ರೆಯನ್ನು ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಸೇವಿಸಬೇಕು.

ಮೊಬೈಲ್ ಹೇಳುವ ಎ, ಬಿ, ಸಿ

ಅಂತರ್ಜಾಲದಲ್ಲಿ ಹುಡುಕಿದವರಿಗೆ ಔಷಧದ ಹೆಸರಿನೊಂದಿಗೆ ಎ, ಬಿ, ಸಿ, ಡಿ, ಎಕ್ಸ್ ಎಂಬ ಅಕ್ಷರಗಳು ಇನ್ನೂ ಸಿಗುತ್ತವೆ. ಅಮೆರಿಕ 1979ರಲ್ಲಿ ತಂದ ಈ ಪದ್ಧತಿಯನ್ನು ಅಲ್ಲಿಯೇ 2015ರಲ್ಲಿ ಕೈಬಿಡಲಾಯಿತು. ಅಕ್ಷರಗಳು ಶಾಲೆಯ ದರ್ಜೆಯಂತೆ ತೋರುತ್ತಿದ್ದುದೇ ಅದಕ್ಕೆ ಕಾರಣ. ‘ಸಿ’ ಎಂದರೆ ಅನೇಕ ಸಲ ಮನುಷ್ಯರಲ್ಲಿ ಸಾಕಷ್ಟು ಮಾಹಿತಿ ಇಲ್ಲವೆಂದಷ್ಟೇ ಅರ್ಥವಾಗಿತ್ತು. ಈಗ ಅಕ್ಷರದ ಬದಲು ವಿವರಣೆ ಕೊಡಬೇಕೆಂಬ ನಿಯಮವಿದೆ.

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಡಳಿತವು ಗರ್ಭಿಣಿಯರ ಪ್ಯಾರಾಸಿಟಮಾಲ್ ಸೇವನೆಗೂ ಮಕ್ಕಳ ಆಟಿಸಂಗೂ ನಂಟು ಕಲ್ಪಿಸಿದಾಗ ಇಲ್ಲಿಯೂ ಆತಂಕ ಹರಡಿತು. ಅದಕ್ಕೆ ನಿರ್ಣಾಯಕ ಪುರಾವೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಕೂಡಲೇ ಸ್ಪಷ್ಟಪಡಿಸಿತು. ಸುಮಾರು 25 ಲಕ್ಷ ಮಕ್ಕಳನ್ನು ಒಳಗೊಂಡ, 2024ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಅಂಥ ನಂಟು ಕಂಡುಬರಲಿಲ್ಲ. ಸುಡುವ ಜ್ವರವನ್ನು ಸಹಿಸಿಕೊಂಡು ಮಲಗುವುದು ಮಗುವಿಗೆ ಒಳ್ಳೆಯದಲ್ಲ. ಅಗತ್ಯವಿದ್ದಷ್ಟು ದಿನ, ಅಗತ್ಯವಿದ್ದಷ್ಟೇ ಪ್ರಮಾಣ ಎಂಬ ಹಳೆಯ ಸಲಹೆಯೇ ಈಗಲೂ ಉಳಿದಿದೆ.

ಅಂಗಡಿಯ ಮಾತ್ರೆ, ಮನೆಯ ಮದ್ದು

ವಿಚಿತ್ರವೆಂದರೆ, ವೈದ್ಯರು ಬರೆದ ಮಾತ್ರೆಗೆ ಹೆದರುವ ಮನೆಯಲ್ಲಿಯೇ ಮೆಡಿಕಲ್ ಸ್ಟೋರಿನಿಂದ ಕೇಳಿ ತಂದ ನೋವಿನ ಮಾತ್ರೆಗೆ ಅಂಜಿಕೆಯಿರುವುದಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಗೆಯ ಮಾತ್ರೆಗಳನ್ನು 20ನೇ ವಾರದ ನಂತರ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭಜಲ ಕಡಿಮೆಯಾಗಬಹುದು. ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಬೆರೆತ ಮಾತ್ರೆಗಳೂ ಅಂಗಡಿಗಳಲ್ಲಿ ಇರುವುದರಿಂದ ಪಟ್ಟಿಯ ಹಿಂಬದಿ ಓದಿ ನೋಡಬೇಕು. ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಅಂತೂ ಗರ್ಭಿಣಿಯರಿಗೆ ಪೂರ್ಣ ನಿಷಿದ್ಧ.

ನಾಟಿ ಔಷಧವೆಂದ ಮಾತ್ರಕ್ಕೆ ನಿರಪಾಯವೆಂದಲ್ಲ. ಭಾರತದಿಂದ ತರಿಸಿದ ಆಯುರ್ವೇದ ಔಷಧಗಳನ್ನು ಸೇವಿಸಿದ ನ್ಯೂಯಾರ್ಕ್‌ನ ಆರು ಗರ್ಭಿಣಿಯರ ರಕ್ತದಲ್ಲಿ ಸೀಸದ ವಿಷ ಪತ್ತೆಯಾದುದು 2012ರಲ್ಲಿ ವರದಿಯಾಗಿತ್ತು. ಭಸ್ಮ, ಲೇಹ್ಯ, ಚೂರ್ಣ ಏನೇ ಇದ್ದರೂ ಹೆರಿಗೆ ವೈದ್ಯರಿಗೆ ತಿಳಿಸಬೇಕು.

ಗರ್ಭ ನಿಂತಿರುವುದು ಗೊತ್ತಾಗುವ ಮೊದಲೇ ಯಾವುದೋ ಮಾತ್ರೆ ನುಂಗಿ, ಆಮೇಲೆ ಗಾಬರಿಗೊಂಡು ಗರ್ಭವನ್ನೇ ತೆಗೆಸಲು ಹೊರಡುವವರಿದ್ದಾರೆ. ಬಹುತೇಕ ಔಷಧಗಳ ವಿಷಯದಲ್ಲಿ ಅಂಥ ತೀರ್ಮಾನಕ್ಕೆ ಆಧಾರವಿರುವುದಿಲ್ಲ. ಮಾತ್ರೆಯ ಹೆಸರು, ಪ್ರಮಾಣ, ತಾರೀಖುಗಳನ್ನು ಬರೆದುಕೊಂಡು ವೈದ್ಯರನ್ನು ಕಾಣಬೇಕು. 18ರಿಂದ 20ನೇ ವಾರದಲ್ಲಿ ಮಾಡುವ ಸ್ಕ್ಯಾನಿಂಗ್‌ನಲ್ಲಿ ಅಂಗರಚನೆಯನ್ನು ವಿವರವಾಗಿ ನೋಡಲು ಅವಕಾಶವಿದೆ.

ಕೇಳಬೇಕಾದ ಪ್ರಶ್ನೆಗಳು

ಹೊಸ ಮಾತ್ರೆ ಬರೆದಾಗ ಅಥವಾ ಹಳೆಯ ಮಾತ್ರೆಯ ಬಗ್ಗೆ ಅನುಮಾನ ಬಂದಾಗ ಗರ್ಭಿಣಿ ವೈದ್ಯರನ್ನು ಐದು ಪ್ರಶ್ನೆ ಕೇಳಬಹುದು. ಈ ಮಾತ್ರೆ ಯಾವ ಕಾಯಿಲೆಗೆ? ಸೇವಿಸದಿದ್ದರೆ ನನಗೂ ಮಗುವಿಗೂ ಏನಾಗುತ್ತದೆ? ಈ ತಿಂಗಳಿನಲ್ಲಿ ಇದರಿಂದ ಮಗುವಿಗೆ ಯಾವ ತೊಂದರೆಯಾಗಬಹುದು, ನೂರರಲ್ಲಿ ಎಷ್ಟು ಮಂದಿಗೆ? ಇದಕ್ಕಿಂತ ಕಡಿಮೆ ಅಪಾಯದ ಔಷಧವಿದೆಯೆ? ಎಷ್ಟು ದಿನ ಸೇವಿಸಬೇಕು?

ಸೇವಿಸುವ ಕ್ರಮವನ್ನೂ ಕೇಳಿಕೊಳ್ಳಬೇಕು. ಥೈರಾಯ್ಡ್ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಕೊಡಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂಗಳನ್ನು ಒಟ್ಟಿಗೆ ಅಥವಾ ಕಾಫಿ ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ.

ತಾಯಿ ಕಾರ್ಡ್ ಜೊತೆ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯ ರೂಢಿ. ಥೈರಾಯ್ಡ್ ವೈದ್ಯರು ಬರೆದುದು ಹೆರಿಗೆ ವೈದ್ಯರಿಗೆ ತಿಳಿಯುವುದು ಹೀಗೆಯೇ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡು ಮತ್ತು ಮೂರನೆಯ ತ್ರೈಮಾಸಿಕದ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆಯಿದೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಔಷಧದಿಂದ ಅಡ್ಡಪರಿಣಾಮವಾದರೆ 1800-180-3024ಕ್ಕೆ ವರದಿ ಮಾಡಬಹುದು.

ಹೇರೋಹಳ್ಳಿಯ ಆ ಮನೆಗೆ ಮರಳೋಣ. ಡಬ್ಬಿಯಲ್ಲಿರುವ ಮೂರು ಮಾತ್ರೆಗಳಲ್ಲಿ ಒಂದನ್ನು ಮುಂದುವರಿಸಬೇಕಾಗಬಹುದು, ಒಂದರ ಪ್ರಮಾಣ ಹೆಚ್ಚಬೇಕಾಗಬಹುದು, ಇನ್ನೊಂದನ್ನು ಬೇರೆ ಔಷಧಕ್ಕೆ ಬದಲಿಸಬೇಕಾಗಬಹುದು. ಅತ್ತೆಯ ಭಯ ಪೂರ್ತಿ ಸುಳ್ಳಲ್ಲ, ಸೊಸೆಯ ಅನುಮಾನವೂ ತಪ್ಪಲ್ಲ. ಆದರೆ ಯಾವ ಮಾತ್ರೆಗೆ ಯಾವ ಉತ್ತರ ಎಂಬುದು ತಿಳಿಯುವುದು ಆಕೆ ಡಬ್ಬಿಯನ್ನು ವೈದ್ಯೆಯ ಮೇಜಿನ ಮೇಲಿಟ್ಟು, ‘ಇದನ್ನು ನಾನು ಬಿಟ್ಟಿದ್ದೇನೆ, ಭಯವಾಯಿತು’ ಎಂದಾಗ ಮಾತ್ರ. ಆ ಮಾತನ್ನು ಗದರದೆ ಕೇಳಿಸಿಕೊಳ್ಳುವುದು ವೈದ್ಯರ ಹೊಣೆ. ಆಕೆ ಅದನ್ನು ಹೇಳುವಂಥ ಧೈರ್ಯ ತುಂಬುವುದು ಮನೆಯವರ ಹೊಣೆ.